ದೀರ್ಘ ತೀರ್ಥಯಾತ್ರೆಯಲ್ಲಿ ಸಾಮಾನು: ಎಷ್ಟು ಒಯ್ಯಬೇಕು, ಎಲ್ಲಿ ಬಿಡಬೇಕು, ಯಾರು ಹೊರಬೇಕು?

ಜೀವನದಲ್ಲಿ ಒಮ್ಮೆಯಾದರೂ ಶ್ರೀ ಸಮ್ಮೇದ ಶಿಖರಜಿಯ ವಂದನೆ ಮಾಡಬೇಕು ಎಂಬುದು ನಮ್ಮ ನಾಡಿನ ಪ್ರತಿಯೊಂದು ಜೈನ ಕುಟುಂಬದ ಆಸೆ. 24 ತೀರ್ಥಂಕರರಲ್ಲಿ 20 ತೀರ್ಥಂಕರರು ಮೋಕ್ಷ ಪಡೆದ ಆ ಪುಣ್ಯಕ್ಷೇತ್ರ ಇರುವುದು ಜಾರ್ಖಂಡ್‌ನಲ್ಲಿ. ಅಷ್ಟು ದೂರ ಹೋದ ಮೇಲೆ ರಾಜಗೃಹ, ಪಾವಾಪುರಿ, ಕುಂಡಲಪುರಗಳನ್ನು ಬಿಟ್ಟು ಬರಲು ಯಾರಿಗೂ ಮನಸ್ಸಾಗುವುದಿಲ್ಲ. ವಾರಾಣಸಿ, ಅಯೋಧ್ಯೆಗಳೂ ಸೇರಿಕೊಳ್ಳುತ್ತವೆ. ಹೀಗೆ ಯಾತ್ರೆ ಹದಿನೈದು, ಇಪ್ಪತ್ತು ದಿನಗಳಿಗೆ ಬೆಳೆಯುತ್ತದೆ. ರೈಲು, ಬಸ್ಸು, ಜೀಪು, ಆಟೋ ಎಲ್ಲವನ್ನೂ ಹತ್ತಿ ಇಳಿಯಬೇಕಾಗುತ್ತದೆ.

ಯಾತ್ರೆಗೆ ಹೊರಡುವವರು ಟಿಕೆಟ್, ಧರ್ಮಶಾಲೆ, ಊಟದ ವ್ಯವಸ್ಥೆಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಸಾಮಾನಿನ ಬಗ್ಗೆ ಮಾತ್ರ ಹಿಂದಿನ ರಾತ್ರಿ ಯೋಚಿಸುತ್ತಾರೆ. ಅದರ ಫಲವನ್ನು ಅನುಭವಿಸುವವರು ಹೆಚ್ಚಾಗಿ ಮನೆಯ ಹಿರಿಯರು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಮನೆಯಲ್ಲೇ ನಡೆದದ್ದು

ಕೆಲವು ವರ್ಷಗಳ ಹಿಂದೆ ಡಿಸೆಂಬರ್‌ನಲ್ಲಿ ನಮ್ಮ ಬಂಧುಗಳು ಸೇರಿ 11 ಮಂದಿ ಈ ಯಾತ್ರೆಗೆ ಹೊರಟೆವು. ಒಟ್ಟು 23 ಚೀಲಗಳಿದ್ದವು. ರಾಜಗೃಹ, ಪಾವಾಪುರಿಗಳ ದರ್ಶನ ಮುಗಿಸಿ, ಒಂಬತ್ತನೆಯ ದಿನದ ನಸುಕಿನಲ್ಲಿ ಪಾರಸನಾಥ ನಿಲ್ದಾಣದಲ್ಲಿ ಇಳಿಯಬೇಕಿತ್ತು. ರೈಲು ಅಲ್ಲಿ ನಿಲ್ಲುವುದು ಕೆಲವೇ ನಿಮಿಷ. ಕತ್ತಲು, ಚಳಿ, ನಿದ್ದೆಗಣ್ಣು. ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದೆವು. ನನ್ನ ತಾಯಿ ಒಂದು ಭಾರದ ಚೀಲವನ್ನು ಎಳೆದುಕೊಂಡು ಇಳಿಯುವಾಗ ಮೆಟ್ಟಿಲ ಮೇಲೆ ಕಾಲು ಹೊರಳಿ ಮೊಣಕಾಲು ತಿರುಚಿತು.

ಮಧುವನದ ಧರ್ಮಶಾಲೆ ತಲುಪುವ ಹೊತ್ತಿಗೆ ಕಾಲು ಊದಿತ್ತು. ಮರುದಿನ ನಾವೆಲ್ಲ ಬೆಟ್ಟ ಹತ್ತಿದೆವು. ಅಮ್ಮ ಕೆಳಗೇ ಉಳಿದರು. ಡೋಲಿಯಲ್ಲಿ ಬನ್ನಿ ಎಂದರೂ ಒಪ್ಪಲಿಲ್ಲ. ನಡೆದೇ ವಂದನೆ ಮಾಡುತ್ತೇನೆಂದು ವರ್ಷಗಳ ಹಿಂದೆ ಸಂಕಲ್ಪ ಮಾಡಿದ್ದರು. ಮಧುವನದ ಜಿನಾಲಯದಲ್ಲಿ ಕುಳಿತು, ಬೆಟ್ಟದ ಕಡೆ ಮುಖ ಮಾಡಿ ದಿನವಿಡೀ ಜಪ ಮಾಡಿದರು.

ಸಂಜೆ ಆ ಚೀಲವನ್ನು ಬಿಚ್ಚಿ ನೋಡಿದೆ. ಹನ್ನೆರಡು ಸ್ಟೀಲ್ ತಟ್ಟೆ, ಒಂದು ದೊಡ್ಡ ಪಾತ್ರೆ, ಐದು ಕೆ.ಜಿ. ಗೋಧಿ ಹಿಟ್ಟು. ತಟ್ಟೆಗಳನ್ನು ಆವರೆಗೆ ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ. ಧರ್ಮಶಾಲೆಗಳ ಭೋಜನಶಾಲೆಯಲ್ಲಿ ತಟ್ಟೆಗಳಿದ್ದವು. ಹಿಟ್ಟಿಗಂತೂ ಮರ್ಯಾದೆಯೇ ಮುಗಿದಿತ್ತು. ಚಳಿಗಾಲದಲ್ಲಿ ಹಿಟ್ಟಿಗೆ ಏಳು ದಿನದ ಮರ್ಯಾದೆ, ಅಂದು ಒಂಬತ್ತನೆಯ ದಿನ. ಅಂದರೆ ಅಮ್ಮ ತಮ್ಮ ನಿಯಮದ ಪ್ರಕಾರ ತಾವೇ ತಿನ್ನಲಾಗದ ಹಿಟ್ಟನ್ನು ಹೊತ್ತು ಕಾಲು ತಿರುಚಿಕೊಂಡಿದ್ದರು.

ಆ ಯಾತ್ರೆಯ ನಂತರ ನಮ್ಮ ಮನೆಯಲ್ಲಿ ಸಾಮಾನು ಕಟ್ಟುವ ಕ್ರಮವನ್ನೇ ಬದಲಿಸಿದೆವು. ಮುಂದೆ ಹೇಳುವುದು ಆ ಕ್ರಮ.

ಶಾಸ್ತ್ರ ಏನು ಹೇಳುತ್ತದೆ?

ಸಾಮಾನಿಗೂ ಶಾಸ್ತ್ರಕ್ಕೂ ಏನು ಸಂಬಂಧ ಎನ್ನಿಸಬಹುದು. ಸಂಬಂಧವಿದೆ. ಗೃಹಸ್ಥರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಹೊಲ, ಮನೆ, ಚಿನ್ನ, ಧಾನ್ಯಗಳಂತೆ ಬಟ್ಟೆ, ಪಾತ್ರೆಗಳೂ ಅದರ ಲೆಕ್ಕಕ್ಕೆ ಬರುತ್ತವೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಅತಿಸಂಗ್ರಹವೂ ಒಂದು, ಅತಿಭಾರವಹನವೂ ಒಂದು.

ಅದಕ್ಕಿಂತಲೂ ಯೋಚಿಸಬೇಕಾದ ಮಾತು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಅಲ್ಲಿ ಅಹಿಂಸಾಣುವ್ರತದ ಅತಿಚಾರಗಳಾಗಿ ಬಂಧ, ವಧ, ಛೇದ, ಅನ್ನಪಾನ ನಿರೋಧಗಳ ಜೊತೆಗೆ ಅತಿಭಾರಾರೋಪಣವನ್ನು ಹೇಳಿದೆ. ಅತಿಭಾರಾರೋಪಣ ಎಂದರೆ ಹೊರಲಾರದಷ್ಟು ಭಾರವನ್ನು ಇನ್ನೊಂದು ಜೀವದ ಮೇಲೆ ಹೇರುವುದು. ಅದು ಎತ್ತಿನ ಬಗ್ಗೆ ಮಾತ್ರ ಹೇಳಿದ ಮಾತಲ್ಲ. ನಿಲ್ದಾಣದಲ್ಲಿ ತಲೆಯ ಮೇಲೆ ಎರಡು, ಹೆಗಲಿಗೆ ಎರಡು ಚೀಲ ಹಾಕಿಕೊಂಡು ಮೇಲ್ಸೇತುವೆ ಹತ್ತುವ ಕೂಲಿಯವನಿಗೂ, ಎಲ್ಲರ ಚೀಲ ಎಳೆಯುವ ಮನೆಯ ಸೊಸೆಗೂ, ಮೊಮ್ಮಕ್ಕಳ ಆಟಿಕೆಯ ಚೀಲ ಹಿಡಿದು ನಡೆಯುವ ಅಜ್ಜಿಗೂ ಅದು ಅನ್ವಯಿಸುತ್ತದೆ. ಸಾಮಾನು ಕಟ್ಟುವಾಗ "ಇದು ಬೇಕಾದೀತು" ಎಂದು ಹಾಕಿದ ಪ್ರತಿಯೊಂದು ವಸ್ತುವನ್ನೂ ಯಾರಾದರೂ ಒಬ್ಬರು ಹೊರಲೇಬೇಕು. ಆದ್ದರಿಂದ ಪ್ರಶ್ನೆಯನ್ನು ಬದಲಿಸಿಕೊಳ್ಳಿ. "ಇದು ಬೇಕೇ?" ಎಂದು ಕೇಳಿಕೊಂಡರೆ ಎಲ್ಲವೂ ಬೇಕು ಎನ್ನಿಸುತ್ತದೆ. "ಇದನ್ನು ಯಾರು ಹೊರುತ್ತಾರೆ?" ಎಂದು ಕೇಳಿಕೊಳ್ಳಿ.

ಮೊದಲ ಹೆಜ್ಜೆ: ಊರುಗಳನ್ನಲ್ಲ, ನೆಲೆಗಳನ್ನು ಎಣಿಸಿ

ಹೆಚ್ಚಿನವರು ಯಾತ್ರೆಯನ್ನು ಕ್ಷೇತ್ರಗಳ ಪಟ್ಟಿಯಾಗಿ ಬರೆದುಕೊಂಡು, ಪ್ರತಿ ಕ್ಷೇತ್ರಕ್ಕೂ ಎಲ್ಲ ಸಾಮಾನನ್ನೂ ಹೊತ್ತೊಯ್ಯುತ್ತಾರೆ. ಹಾಗೆ ಮಾಡಬೇಡಿ. ಎರಡು ಮೂರು ರಾತ್ರಿ ಉಳಿಯುವ ಊರುಗಳನ್ನು ನೆಲೆಗಳಾಗಿ ಆರಿಸಿ, ಸುತ್ತಲಿನ ಕ್ಷೇತ್ರಗಳಿಗೆ ಬರಿಗೈಯಲ್ಲಿ ಹೋಗಿ ಬನ್ನಿ. ಈ ಯಾತ್ರೆಗೆ ನೆಲೆಗಳು ಹೀಗೆ:

ರಾಜಗೃಹ: ಭಗವಾನ್ ಮುನಿಸುವ್ರತರ ಜನ್ಮಸ್ಥಳ, ಐದು ಬೆಟ್ಟಗಳ ಕ್ಷೇತ್ರ. ಮಹಾವೀರ ಸ್ವಾಮಿಯ ನಿರ್ವಾಣಭೂಮಿ ಪಾವಾಪುರಿ ಇಲ್ಲಿಂದ ಸುಮಾರು 20 ಕಿ.ಮೀ. ಕುಂಡಲಪುರ ಮತ್ತು ನಾಲಂದಾ ಇನ್ನೂ ಹತ್ತಿರ. ಒಂದೇ ಕೋಣೆಯಲ್ಲಿ ಮೂರು ರಾತ್ರಿ ಉಳಿದರೆ ಎಲ್ಲವೂ ಆಗುತ್ತದೆ.

ಮಧುವನ: ಶಿಖರಜಿಯ ಪಾದದಲ್ಲಿರುವ ಊರು. ಕನಿಷ್ಠ ಮೂರು ರಾತ್ರಿ ಇಡಿ. ಬಂದ ದಿನ ವಿಶ್ರಾಂತಿ, ಮರುದಿನ ವಂದನೆ, ನಂತರದ ದಿನ ಕಾಲಿಗೆ ಬಿಡುವು. ಬಂದ ರಾತ್ರಿಯೇ ಬೆಟ್ಟ ಹತ್ತುವ ಯೋಜನೆ ಬೇಡ.

ವಾರಾಣಸಿ: ಭೇಲೂಪುರದಲ್ಲಿ ಪಾರ್ಶ್ವನಾಥರ, ಭದೈನಿಯಲ್ಲಿ ಸುಪಾರ್ಶ್ವನಾಥರ ಜನ್ಮಸ್ಥಳಗಳು ನಗರದೊಳಗೇ ಇವೆ. ಶ್ರೇಯಾಂಸನಾಥರ ಸಿಂಹಪುರಿ ಈಗಿನ ಸಾರನಾಥದಲ್ಲಿ, ಚಂದ್ರಪ್ರಭರ ಚಂದ್ರಪುರಿ ಗಂಗೆಯ ದಡದಲ್ಲಿ ಇನ್ನಷ್ಟು ಮುಂದೆ. ನಾಲ್ಕೂ ಒಂದೇ ನೆಲೆಯಿಂದ ಆಗುವಂಥವು.

ಅಯೋಧ್ಯೆ: ಆದಿನಾಥರು ಸೇರಿ ಐದು ತೀರ್ಥಂಕರರ ಜನ್ಮಭೂಮಿ. ಇಲ್ಲಿಂದಲೇ ಊರಿಗೆ ಮರಳುವಂತೆ ಟಿಕೆಟ್ ಮಾಡಿಸಿದರೆ ಸಾಮಾನು ಹೊತ್ತು ಹಿಂದೆ ಬರುವುದು ತಪ್ಪುತ್ತದೆ.

ಕ್ಷೇತ್ರಗಳು ಹತ್ತಕ್ಕಿಂತ ಹೆಚ್ಚಾದರೂ ಸಾಮಾನು ಕಟ್ಟಿ ಬಿಚ್ಚುವುದು ನಾಲ್ಕೇ ಸಲ. ಚಂಪಾಪುರಿ ಮತ್ತು ಮಂದಾರಗಿರಿಯನ್ನು ಸೇರಿಸುವವರು ಭಾಗಲ್ಪುರವನ್ನು ಐದನೆಯ ನೆಲೆ ಮಾಡಿಕೊಳ್ಳಬೇಕು.

ದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಇನ್ನೊಂದು ಅನುಕೂಲ ಕಾಣುತ್ತದೆ. ರಾಜಗೃಹದಿಂದ ಗಯಾಕ್ಕೆ ಬಂದು ಪಾರಸನಾಥಕ್ಕೆ ರೈಲು ಹಿಡಿದರೆ, ಅಲ್ಲಿಂದ ವಾರಾಣಸಿಯ ಕಡೆ ಹೋಗುವಾಗ ಮತ್ತೆ ಅದೇ ಗಯಾ ಸಿಗುತ್ತದೆ. ಹೀಗೆ ಎರಡು ಸಲ ಹಾದುಹೋಗುವ ಊರಿನಲ್ಲಿ, ನಡುವಿನ ದಿನಗಳಿಗೆ ಬೇಡವಾದ ಚೀಲವನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬಿಡಬಹುದು. ಕ್ಲೋಕ್ ರೂಮಿಗೆ ಪ್ರಯಾಣದ ಟಿಕೆಟ್ ಬೇಕು, ಚೀಲಕ್ಕೆ ಬೀಗ ಹಾಕಿರಬೇಕು, ತಿನ್ನುವ ವಸ್ತುಗಳು ಒಳಗಿರಬಾರದು. ಎಷ್ಟು ದಿನ ಇಡಬಹುದು, ದರ ಎಷ್ಟು ಎಂದು ಆ ನಿಲ್ದಾಣದಲ್ಲೇ ಕೇಳಿ. ರಸೀದಿಯ ಫೋಟೋ ಇಬ್ಬರ ಮೊಬೈಲ್‌ನಲ್ಲಿರಲಿ. ಔಷಧ, ಹಣ, ಒಡವೆ, ದಾಖಲೆಗಳನ್ನು ಅಲ್ಲಿ ಬಿಡಬಾರದು.

ಎರಡನೆಯ ಹೆಜ್ಜೆ: ಒಬ್ಬರಿಗೆ ಎರಡೇ ಚೀಲ

ಒಂದು ದೊಡ್ಡ ಚೀಲ, ಒಂದು ಬೆನ್ನಚೀಲ. ಮೂರನೆಯದು ಬೇಡ. ದೊಡ್ಡ ಚೀಲ ನೆಲೆಯಿಂದ ನೆಲೆಗೆ ಮಾತ್ರ ಚಲಿಸುತ್ತದೆ, ಉಳಿದ ದಿನ ಕೋಣೆಯಲ್ಲೇ ಇರುತ್ತದೆ. ಬೆನ್ನಚೀಲ ಸದಾ ನಮ್ಮ ಮೈಮೇಲೆ. ನಮ್ಮ ಮನೆಯಲ್ಲಿ ಇಟ್ಟುಕೊಂಡಿರುವ ಮಿತಿ: ದೊಡ್ಡವರಿಗೆ ಎರಡೂ ಸೇರಿ 14 ಕೆ.ಜಿ., ಅರವತ್ತು ದಾಟಿದವರಿಗೆ ಮತ್ತು ಮಕ್ಕಳಿಗೆ 7 ಕೆ.ಜಿ.

ತೂಕಕ್ಕಿಂತ ಒಳ್ಳೆಯದು ಮೆಟ್ಟಿಲ ಪರೀಕ್ಷೆ. ಹೊರಡುವ ಎರಡು ದಿನ ಮೊದಲು ಪ್ರತಿಯೊಬ್ಬರೂ ತಮ್ಮ ಎರಡೂ ಚೀಲಗಳನ್ನು ತಾವೇ ಎತ್ತಿಕೊಂಡು, ಯಾರ ಸಹಾಯವೂ ಇಲ್ಲದೆ, ಮನೆಯ ಮಹಡಿಯನ್ನು ಎರಡು ಸಲ ಹತ್ತಿ ಇಳಿಯಬೇಕು. ನಿಲ್ದಾಣದ ಮೇಲ್ಸೇತುವೆ ಹೆಚ್ಚುಕಡಿಮೆ ಅಷ್ಟೇ ಎತ್ತರ. ಉಸಿರು ಕಟ್ಟಿದರೆ ಚೀಲ ಬಿಚ್ಚಿ, ಏನಾದರೂ ತೆಗೆಯಿರಿ. ಎರಡು ದಿನ ಮೊದಲೇ ಮಾಡಿದರೆ ತೆಗೆಯಲು ಸಮಯವಿರುತ್ತದೆ. ಹೊರಡುವ ಗಳಿಗೆಯಲ್ಲಿ ಯಾರೂ ಏನನ್ನೂ ತೆಗೆಯುವುದಿಲ್ಲ, ಇನ್ನಷ್ಟು ತುರುಕುತ್ತಾರೆ.

ಬೆನ್ನಚೀಲದಲ್ಲಿ ಇರಬೇಕಾದವು:
- ಮೂರು ದಿನದ ಔಷಧ, ವೈದ್ಯರ ಚೀಟಿ
- ಆಧಾರ್, ಟಿಕೆಟ್, ಸ್ವಲ್ಪ ನಗದು
- ಕನ್ನಡಕ, ಮೊಬೈಲ್, ಚಾರ್ಜರ್
- ಒಂದು ಜೊತೆ ಬಟ್ಟೆ, ಒಂದು ಶಾಲು
- ಕಾಸಿದ ನೀರಿನ ಬಾಟಲಿ, ಒಂದು ಹೊತ್ತಿನ ತಿಂಡಿ
- ಜಪಮಾಲೆ, ನಿತ್ಯಪಾಠದ ಪುಸ್ತಕ

ದೊಡ್ಡ ಚೀಲ ಕಳೆದುಹೋದರೂ ಮೂರು ದಿನ ಯಾತ್ರೆ ನಿಲ್ಲದಂತೆ ಬೆನ್ನಚೀಲ ಇರಬೇಕು. ಇಡೀ ಕುಟುಂಬದ ಔಷಧವನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವುದು ನೋಡಲು ಅಚ್ಚುಕಟ್ಟು, ಆದರೆ ಆ ಪೆಟ್ಟಿಗೆ ರೈಲಿನಲ್ಲಿ ಉಳಿದುಹೋದರೆ ಎಲ್ಲರಿಗೂ ಕಷ್ಟ. ಔಷಧವನ್ನು ಎರಡು ಪಾಲು ಮಾಡಿ ಇಬ್ಬರ ಬಳಿ ಇಡಿ.

ಮೂರನೆಯ ಹೆಜ್ಜೆ: ಆಹಾರದ ಲೆಕ್ಕ ಮರ್ಯಾದೆಯ ಮೇಲೆ

ನಮ್ಮವರ ಸಾಮಾನಿನಲ್ಲಿ ಅತಿ ಭಾರದ್ದು ಆಹಾರ. ಶುದ್ಧ ಆಹಾರದ ಕಾಳಜಿಯಿಂದಲೇ ಒಯ್ಯುತ್ತೇವೆ, ಅದು ತಪ್ಪಲ್ಲ. ಆದರೆ ಶುದ್ಧಿಯ ನಿಯಮವೇ ಎಷ್ಟು ಒಯ್ಯಬೇಕು ಎಂಬುದನ್ನೂ ಹೇಳುತ್ತದೆ. ದಿಗಂಬರ ಸಂಪ್ರದಾಯದಲ್ಲಿ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ನೀರು ಹಾಕದೆ ತುಪ್ಪ, ಸಕ್ಕರೆಯಲ್ಲಿ ಕಟ್ಟಿದ ಉಂಡೆಗೂ ಹಿಟ್ಟಿನಷ್ಟೇ ಮರ್ಯಾದೆ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ.

ಈ ಲೆಕ್ಕದಲ್ಲಿ ಚಳಿಗಾಲದ ಯಾತ್ರೆಗೆ ಏಳು ದಿನಕ್ಕಿಂತ ಹೆಚ್ಚಿನ ಹಿಟ್ಟು, ಉಂಡೆ ಒಯ್ದರೆ ಅದು ಬರೀ ಭಾರ. ಮರ್ಯಾದೆ ಪಾಲಿಸುವವರು ಮೊದಲ ರೈಲು ಪ್ರಯಾಣಕ್ಕೂ ಮೊದಲ ನೆಲೆಗೂ ಸಾಕಾಗುವಷ್ಟು ಮಾತ್ರ ಮನೆಯಿಂದ ಒಯ್ಯಲಿ. ಬೆಂಗಳೂರಿನಿಂದ ಪಟ್ನಾ ಕಡೆಗೆ ರೈಲಿನಲ್ಲೇ ಸುಮಾರು ಎರಡು ದಿನ ಬೇಕು, ಮಂಜಿನ ಕಾಲವಾದ್ದರಿಂದ ಇನ್ನೊಂದು ದಿನದ್ದು ಹೆಚ್ಚಿಗೆ ಇರಲಿ. ಮುಂದಿನ ನೆಲೆಗಳಲ್ಲಿ ಗೋಧಿ ಕೊಂಡು ಬೀಸಿಸಿಕೊಳ್ಳಬಹುದು. ಕ್ಷೇತ್ರಗಳ ಭೋಜನಶಾಲೆಗಳಲ್ಲಿ ಶುದ್ಧ ಆಹಾರದ ವ್ಯವಸ್ಥೆ ಬಗ್ಗೆ ಮೊದಲೇ ಫೋನ್ ಮಾಡಿ ಕೇಳಬಹುದು. ಹೆಚ್ಚಿನ ವ್ರತನಿಯಮ ಇರುವವರು ತಮ್ಮ ಗುರುಗಳ ಮಾರ್ಗದರ್ಶನದಂತೆ ನಡೆದುಕೊಳ್ಳಲಿ.

ಪಾತ್ರೆಗಳ ವಿಷಯಕ್ಕೆ ಬಂದರೆ, ಒಬ್ಬರಿಗೆ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ ಸಾಕು. ಇಡೀ ತಂಡಕ್ಕೆ ಒಂದು ಪಾತ್ರೆ ಮತ್ತು ನೀರು ಸೋಸುವ ದಪ್ಪ ಬಟ್ಟೆ.

ಇನ್ನೊಂದು ವಿಷಯವನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿ. ಡಿಸೆಂಬರ್‌ನಲ್ಲಿ ಬಿಹಾರ, ಜಾರ್ಖಂಡ್ ಕಡೆ ಸಂಜೆ ಐದು ಗಂಟೆ ಸುಮಾರಿಗೇ ಸೂರ್ಯಾಸ್ತ. ನಮ್ಮಲ್ಲಿ ಆರು ಗಂಟೆ ಹತ್ತಿರವಾಗುತ್ತದೆ. ರಾತ್ರಿಭೋಜನ ತ್ಯಾಗ ಇರುವವರು ನಮ್ಮೂರಿನ ಗಡಿಯಾರದಲ್ಲೇ ಇದ್ದರೆ ಉಪವಾಸ ಬೀಳುತ್ತದೆ. ರೈಲಿನಲ್ಲಿ ಊಟದ ಚೀಲ ಬರ್ತಿನ ಕೆಳಗೆ ಸರಪಳಿ ಹಾಕಿದ ಚೀಲಗಳ ಹಿಂದೆ ಇದ್ದರೆ ಹಿರಿಯರು ಸಂಕೋಚದಿಂದ ಕೇಳುವುದೇ ಇಲ್ಲ. ಆ ಚೀಲ ಕೈಗೆ ಸಿಗುವಂತಿರಲಿ.

ಒಲೆ, ಸಿಲಿಂಡರ್ ಖಂಡಿತ ಬೇಡ

ಶುದ್ಧ ಅಡುಗೆಗಾಗಿ ಚಿಕ್ಕ ಗ್ಯಾಸ್ ಒಲೆಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯುವ ತಂಡಗಳು ಇವೆ. 2023ರ ಆಗಸ್ಟ್‌ನಲ್ಲಿ ಮಧುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ, ನಿಯಮ ಮೀರಿ ಒಯ್ದಿದ್ದ ಗ್ಯಾಸ್ ಸಿಲಿಂಡರ್‌ನಿಂದ ಬೆಂಕಿ ಹೊತ್ತಿ ಒಂಬತ್ತು ಮಂದಿ ತೀರಿಕೊಂಡರು. ಅವರೂ ನಮ್ಮಂತೆಯೇ ದರ್ಶನಕ್ಕೆ ಹೊರಟವರು. ಸಿಲಿಂಡರ್, ಸೀಮೆಎಣ್ಣೆ, ಸ್ಟವ್ ಮುಂತಾದವನ್ನು ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯಿದೆಯ 164ನೆಯ ಕಲಮಿನ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಸೆರೆವಾಸವಿದೆ. ಬೋಗಿಯ ಚಾರ್ಜಿಂಗ್ ಪ್ಲಗ್‌ಗೆ ಕೆಟಲ್ ಹಾಕುವುದೂ ನಿಷಿದ್ಧ. ಬೋಗಿಯೊಳಗೆ ಆರತಿಗೆಂದು ಕರ್ಪೂರ ಹಚ್ಚುವುದೂ ಬೇಡ. ನೂರಾರು ಜೀವಗಳಿಗೆ ಅಪಾಯ ತಂದು ಮಾಡುವ ಅಡುಗೆ ಶುದ್ಧವಾಗುವುದಿಲ್ಲ.

ಬಟ್ಟೆ ಮತ್ತು ಪೂಜಾ ಸಾಮಗ್ರಿ

ಹದಿನೆಂಟು ದಿನಕ್ಕೆ ಹದಿನೆಂಟು ಜೊತೆ ಬೇಡ. ದಿನಬಳಕೆಗೆ ನಾಲ್ಕು ಜೊತೆ, ಪೂಜೆಗೆ ಎರಡು ಜೊತೆ ಶುದ್ಧ ವಸ್ತ್ರ, ಒಂದು ಸ್ವೆಟರ್, ಒಂದು ಶಾಲು, ಟೋಪಿ. ನೆಲೆಗೆ ತಲುಪಿದ ದಿನವೇ ಬಟ್ಟೆ ಒಗೆಯಿರಿ. ಹೊರಡುವ ಹಿಂದಿನ ದಿನ ಒಗೆದರೆ ಉತ್ತರ ಭಾರತದ ಮಂಜಿನಲ್ಲಿ ಒಣಗುವುದಿಲ್ಲ, ಒದ್ದೆ ಬಟ್ಟೆ ಎರಡು ಪಟ್ಟು ಭಾರ. ದಪ್ಪ ಟವೆಲ್ ಬದಲು ತೆಳ್ಳನೆಯ ಹತ್ತಿಯ ಪಂಚೆ, ಜೀನ್ಸ್ ಬದಲು ಬೇಗ ಒಣಗುವ ಬಟ್ಟೆ ಒಳ್ಳೆಯದು. ಪೂಜೆಯ ವಸ್ತ್ರಗಳನ್ನು ಪ್ರತ್ಯೇಕ ಹತ್ತಿಯ ಚೀಲದಲ್ಲಿ ಇಟ್ಟರೆ ಬಳಸಿದ ಬಟ್ಟೆಗೆ ತಾಗುವುದಿಲ್ಲ. ಚೀಲ, ಬೆಲ್ಟು, ಪರ್ಸುಗಳಲ್ಲಿ ಚರ್ಮದ ಪಟ್ಟಿ ಇಲ್ಲವೆಂದು ನೋಡಿಕೊಳ್ಳಿ. ಎಷ್ಟೋ ಬಟ್ಟೆಯ ಚೀಲಗಳ ಹಿಡಿಕೆಗೆ ಚರ್ಮ ಹೊಲಿದಿರುತ್ತಾರೆ.

ಅಷ್ಟದ್ರವ್ಯವನ್ನು ಪೂರ್ತಿ ಊರಿನಿಂದ ಹೊರುವ ಅಗತ್ಯವಿಲ್ಲ. ಅಕ್ಕಿ, ಬಾದಾಮಿ, ಲವಂಗ ಎಲ್ಲ ಅಲ್ಲೇ ಸಿಗುತ್ತವೆ. ಒಂದು ಚಿಕ್ಕ ಡಬ್ಬಿ ಸಾಕು.

ವಿಮಾನದಲ್ಲಿ ಹೋಗುವವರು ಗಮನಿಸಿ. ಒಣ ಕೊಬ್ಬರಿ ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯೇರಿ ಬೆಂಕಿ ಹಿಡಿಯಬಲ್ಲ ವಸ್ತು, ಆದ್ದರಿಂದ ಅದನ್ನು ಒಪ್ಪಿಸುವ ಸಾಮಾನಿನಲ್ಲಿ ಬಿಡುವುದಿಲ್ಲ. ಕರ್ಪೂರ, ಬೆಂಕಿಪೊಟ್ಟಣಗಳಿಗೂ ಅನುಮತಿ ಇಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ, ಹಣ್ಣು ಹೆಚ್ಚುವ ಚಾಕು ಒಪ್ಪಿಸುವ ಚೀಲದಲ್ಲಿ ಮಾತ್ರ ಇರಬೇಕು.

ತೂಕದ ಮಿತಿ ಎಷ್ಟು?

ರೈಲಿನಲ್ಲಿ ಒಬ್ಬ ಪ್ರಯಾಣಿಕರು ಉಚಿತವಾಗಿ ಒಯ್ಯಬಹುದಾದ ತೂಕ:
- ಎಸಿ ಮೊದಲ ದರ್ಜೆ: 70 ಕೆ.ಜಿ.
- ಎಸಿ ಟೂ ಟೈರ್: 50 ಕೆ.ಜಿ.
- ಎಸಿ ತ್ರೀ ಟೈರ್, ಸ್ಲೀಪರ್: 40 ಕೆ.ಜಿ.
- ಎರಡನೆಯ ದರ್ಜೆ: 35 ಕೆ.ಜಿ.

ಇದು ಗರಿಷ್ಠ ಮಿತಿ, ಒಯ್ಯಲೇಬೇಕಾದ ತೂಕವಲ್ಲ. ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್‌ಗೆ ಒಪ್ಪಿಸುವ ಸಾಮಾನು 15 ಕೆ.ಜಿ., ಕೈಚೀಲ 7 ಕೆ.ಜಿ. ಹೋಗುವಾಗ ರೈಲು, ಬರುವಾಗ ವಿಮಾನ ಎಂದು ಯೋಜಿಸಿದವರು ಮೊದಲಿನಿಂದಲೇ ವಿಮಾನದ ಮಿತಿಗೆ ತಕ್ಕಂತೆ ಕಟ್ಟಬೇಕು.

ಹತ್ತುವಾಗ, ಇಳಿಯುವಾಗ

ಸಾಮಾನು ಕಳೆಯುವುದೂ, ಪೆಟ್ಟಾಗುವುದೂ ಹೆಚ್ಚಾಗಿ ರೈಲು ಇಳಿಯುವ ಆ ಎರಡು ಮೂರು ನಿಮಿಷಗಳಲ್ಲಿ. ಅದಕ್ಕೆ ನಮ್ಮ ತಂಡ ಈಗ ಪಾಲಿಸುವ ಕ್ರಮ ಹೀಗಿದೆ:

1. ಪ್ರತಿ ಚೀಲಕ್ಕೂ ಸಂಖ್ಯೆ. ಹೆಸರು, ಮೊಬೈಲ್ ಸಂಖ್ಯೆ, ಮುಂದಿನ ಧರ್ಮಶಾಲೆಯ ಹೆಸರನ್ನು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಬರೆದು ಅಂಟಿಸುತ್ತೇವೆ. ಕನ್ನಡದಲ್ಲಿ ಮಾತ್ರ ಬರೆದರೆ ಅಲ್ಲಿ ಸಿಕ್ಕವರಿಗೆ ಓದಲಾಗದು.
2. ಎಣಿಕೆಗೆ ಒಬ್ಬರೇ ಜವಾಬ್ದಾರರು. ಎಲ್ಲರೂ ಎಣಿಸಿದರೆ ಯಾರೂ ಎಣಿಸಿದಂತಾಗುವುದಿಲ್ಲ.
3. ನಿಲ್ದಾಣ ಬರುವ 20 ನಿಮಿಷ ಮೊದಲೇ ಸರಪಳಿ ಬಿಚ್ಚಿ ಚೀಲಗಳನ್ನು ಬಾಗಿಲ ಹತ್ತಿರ ತರುತ್ತೇವೆ.
4. ಮೊದಲು ಇಬ್ಬರು ಗಟ್ಟಿಗರು ಇಳಿಯುತ್ತಾರೆ. ನಂತರ ಹಿರಿಯರು ಬರಿಗೈಯಲ್ಲಿ. ಆಮೇಲೆ ಚೀಲಗಳು ಕೈಯಿಂದ ಕೈಗೆ. ಕೊನೆಯವರು ಬರ್ತಿನ ಮೇಲೆ, ಕೆಳಗೆ ನೋಡಿಯೇ ಇಳಿಯುತ್ತಾರೆ.
5. ರೈಲು ಚಲಿಸತೊಡಗಿದರೆ ಚೀಲ ಹೋದರೂ ಸರಿ, ಯಾರೂ ಹಾರುವುದಿಲ್ಲ.

ಚೀಲ ರೈಲಿನಲ್ಲೇ ಉಳಿದರೆ ಕೂಡಲೇ 139ಕ್ಕೆ ಕರೆ ಮಾಡಿ ರೈಲಿನ ಸಂಖ್ಯೆ, ಬೋಗಿ, ಬರ್ತ್ ಸಂಖ್ಯೆ ಹೇಳಿ. ರೈಲ್ವೆ ರಕ್ಷಣಾ ದಳ ಮುಂದಿನ ನಿಲ್ದಾಣದಲ್ಲಿ ಇಳಿಸಿಕೊಳ್ಳಲು ಪ್ರಯತ್ನಿಸುತ್ತದೆ. ಹೀಗೆ ಉಳಿದ ಸಾಮಾನನ್ನು ಮರಳಿಸಲೆಂದೇ ಅವರಲ್ಲಿ ಆಪರೇಷನ್ ಅಮಾನತ್ ಎಂಬ ವ್ಯವಸ್ಥೆ ಇದೆ. ಪ್ರತಿ ಚೀಲದ ಫೋಟೋ ಮೊದಲೇ ತೆಗೆದಿಟ್ಟಿದ್ದರೆ ಗುರುತು ಹೇಳುವುದು ಸುಲಭ.

ಕೂಲಿಯವರನ್ನು ಕರೆದಾಗ ಒಬ್ಬರ ಮೇಲೆ ಎಲ್ಲವನ್ನೂ ಹೇರಿ ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ಸಾಮಾನು ಹೆಚ್ಚಿದ್ದರೆ ಇಬ್ಬರನ್ನು ಕರೆಯಿರಿ.

ಬೆಟ್ಟದ ದಿನದ ಚೀಲ

ಶಿಖರಜಿಯ ವಂದನೆ ಒಟ್ಟು 27 ಕಿ.ಮೀ. ಹತ್ತಲು 9, ಮೇಲೆ ಟೋಂಕುಗಳ ಪರಿಕ್ರಮ 9, ಇಳಿಯಲು 9. ನಸುಕಿನ ಎರಡು, ಮೂರು ಗಂಟೆಗೆ ಹೊರಟವರು ಮಧ್ಯಾಹ್ನದ ಮೇಲೆ ಮರಳುತ್ತಾರೆ. ಮೊದಲ ಕಿಲೋಮೀಟರಿನಲ್ಲಿ ಗೊತ್ತೇ ಆಗದ ಒಂದು ಕೆ.ಜಿ. ಪಾರ್ಶ್ವನಾಥರ ಟೋಂಕಿನ ಹತ್ತಿರ ಬರುವಾಗ ನಾಲ್ಕು ಕೆ.ಜಿ.ಯಂತೆ ಅನ್ನಿಸುತ್ತದೆ.

ಆ ದಿನ ಬೆನ್ನಚೀಲವನ್ನೂ ಖಾಲಿ ಮಾಡಿ. ಅರ್ಘ್ಯದ ದ್ರವ್ಯದ ಡಬ್ಬಿ, ನಿಯಮ ಇರುವವರು ಬಿಟ್ಟು ಉಳಿದವರಿಗೆ ಕಾಸಿದ ನೀರು, ಆ ದಿನದ ಔಷಧ, ಟಾರ್ಚ್, ಮೊಬೈಲ್, ಸ್ವಲ್ಪ ಹಣ. ಇಷ್ಟೇ. ಟಾರ್ಚ್ ಹೆಜ್ಜೆಯ ಮುಂದಿನ ನೆಲದ ಮೇಲಿರಲಿ. ನಮ್ಮ ಕಾಲಿಗೂ ಒಳ್ಳೆಯದು, ನೆಲದ ಜೀವಿಗಳಿಗೂ ಒಳ್ಳೆಯದು. ಬೆಳಗಿನ ಚಳಿಗೆ ಹಾಕಿದ ಸ್ವೆಟರ್ ಬಿಸಿಲೇರಿದ ಮೇಲೆ ಕೈಯಲ್ಲಿ ಹೊರುವ ವಸ್ತುವಾಗುತ್ತದೆ, ಆದ್ದರಿಂದ ಒಂದು ದಪ್ಪದ್ದಕ್ಕಿಂತ ಎರಡು ತೆಳ್ಳನೆಯವು ಮೇಲು. ಪ್ಲಾಸ್ಟಿಕ್ ಏನಿದ್ದರೂ ಕೆಳಗೆ ವಾಪಸು ತನ್ನಿ.

ಡೋಲಿಯಲ್ಲಿ ಹೋಗುವ ಹಿರಿಯರ ಮಡಿಲಲ್ಲಿ ಮನೆಯವರು ತಮ್ಮ ಚೀಲಗಳನ್ನು ಇಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಚೀಲವನ್ನು ಹೊರುವುದು ಅಜ್ಜನ ಮಡಿಲಲ್ಲ, ಡೋಲಿಯವರ ಹೆಗಲು.

ಕೊಳ್ಳುವುದು ಕೊನೆಯ ನೆಲೆಯಲ್ಲಿ

ಬಂಧುಗಳಿಗೆ ಕೊಡುವ ಫೋಟೋ, ಮಾಲೆ, ಪುಸ್ತಕಗಳನ್ನು ಮೊದಲ ಊರಿನಲ್ಲೇ ಕೊಂಡು ಹದಿನೈದು ದಿನ ಹೊರುವುದು ಬೇಡ. ಆ ಕ್ಷೇತ್ರದಲ್ಲೇ ಸಿಗುವ ವಸ್ತುವಾದರೆ ಅಲ್ಲಿಯ ಅಂಚೆ ಕಚೇರಿಯಿಂದ ಮನೆಗೆ ಪಾರ್ಸೆಲ್ ಮಾಡಿ. ಪುಸ್ತಕಗಳ ಭಾರ ಗೊತ್ತೇ ಆಗದೆ ಏರುತ್ತದೆ.

ನಮ್ಮ ನಾಡಿನ ಯಾತ್ರೆಗೂ ಇದೇ ಕ್ರಮ

ಉತ್ತರ ಕರ್ನಾಟಕದಿಂದ ದಕ್ಷಿಣದ ಕ್ಷೇತ್ರಗಳಿಗೆ ಬರುವ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಮೂಡುಬಿದಿರೆಯನ್ನು ನೆಲೆ ಮಾಡಿಕೊಂಡರೆ ಕಾರ್ಕಳ, ವೇಣೂರುಗಳನ್ನು ದಿನದಲ್ಲಿ ನೋಡಿ ಬರಬಹುದು. ಶ್ರವಣಬೆಳಗೊಳದಲ್ಲಿ ಸಾಮಾನನ್ನು ಕೋಣೆಯಲ್ಲಿಟ್ಟು ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಬರಿಗೈಯಲ್ಲಿ ಹತ್ತಿ. ಬಸ್ಸು ನಿಂತ ಒಂದು ಗಂಟೆಯಲ್ಲಿ ಚೀಲ ಸಮೇತ ಓಡಿ ದರ್ಶನ ಮಾಡುವವರಿಗೆ ದರ್ಶನವೂ ಸಿಗುವುದಿಲ್ಲ, ವಿಶ್ರಾಂತಿಯೂ ಇಲ್ಲ.

ಕೊನೆಯದಾಗಿ

ನಮ್ಮ ಮುನಿಮಹಾರಾಜರು ಇದೇ ದೇಶವನ್ನು ಪಿಂಛಿ, ಕಮಂಡಲು, ಶಾಸ್ತ್ರ ಇಷ್ಟರೊಂದಿಗೆ ನಡೆದೇ ದಾಟುತ್ತಾರೆ. ಗೃಹಸ್ಥರಾದ ನಮಗೆ ಅದು ಸಾಧ್ಯವಿಲ್ಲ, ಯಾರೂ ಅದನ್ನು ನಿರೀಕ್ಷಿಸುವುದೂ ಇಲ್ಲ. ಆದರೆ ಯಾತ್ರೆಯ ದಿನಗಳಿಗಾದರೂ ಒಂದು ನಿಯಮ ತೆಗೆದುಕೊಳ್ಳಬಹುದು: ಇಷ್ಟು ಜೊತೆ ಬಟ್ಟೆ, ಇಷ್ಟು ಪಾತ್ರೆ, ಎರಡು ಚೀಲ, ಅದಕ್ಕಿಂತ ಹೆಚ್ಚಿಲ್ಲ. ಹೊರಡುವ ಮೊದಲು ಬಸದಿಯಲ್ಲಿ ದೇವರ ಮುಂದೆ ನಿಂತು ಈ ಪರಿಮಾಣ ಮಾಡಿಕೊಂಡರೆ ಸಾಮಾನು ಕಟ್ಟುವಾಗ ಮನೆಯಲ್ಲಿ ವಾದವೂ ಇರುವುದಿಲ್ಲ.

ನನ್ನ ತಾಯಿ ಎರಡು ವರ್ಷದ ನಂತರ ಮತ್ತೆ ಶಿಖರಜಿಗೆ ಬಂದರು. ಆಗ ಅವರ ಬಳಿ ಇದ್ದದ್ದು ಒಂದು ಚಿಕ್ಕ ಚೀಲ, ಹೆಗಲಿಗೆ ಇನ್ನೊಂದು. ಪಾರಸನಾಥದಲ್ಲಿ ಬರಿಗೈಯಲ್ಲಿ ಇಳಿದರು. ಮರುದಿನ ಕೋಲು ಹಿಡಿದು, ನಿಧಾನವಾಗಿ, ಎಲ್ಲ ಟೋಂಕುಗಳ ವಂದನೆ ಮಾಡಿದರು. ಇಳಿದು ಬರುವಾಗ ಕತ್ತಲಾಗಿತ್ತು, ನಾವು ಕಾಯುತ್ತಾ ಅವರ ಜೊತೆಗೇ ನಡೆದೆವು. ನಮ್ಮ ಕೈಯಲ್ಲೂ ಹೊರಲು ಏನೂ ಇರಲಿಲ್ಲವಾದ್ದರಿಂದ ಅವರ ಕೈ ಹಿಡಿಯಲು ಸಾಧ್ಯವಾಯಿತು.

ಯಾತ್ರೆಗೆ ಹೊರಡುವ ಎಲ್ಲ ಶ್ರಾವಕ ಶ್ರಾವಿಕೆಯರಿಗೂ ವಂದನೆ ನಿರ್ವಿಘ್ನವಾಗಿ ನೆರವೇರಲಿ.

ಜೈ ಜಿನೇಂದ್ರ.